ತಗಡಿನ ಕೆಲಸಕ್ಕೆ ಪಂಚಿಂಗೋ ಲೇಸರೋ: ಆಯ್ಕೆಗೆ ಮುನ್ನ ಹಾಕಬೇಕಾದ ಲೆಕ್ಕ

ಶೀಟ್ ಮೆಟಲ್ ಘಟಕವನ್ನು ಹೊಸದಾಗಿ ಆರಂಭಿಸುವವರಿಗೂ, ಪವರ್ ಪ್ರೆಸ್ ಮತ್ತು ಶಿಯರಿಂಗ್ ಮೆಷಿನ್‌ಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಈಗ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ಕಡೆಗೆ ಹೊರಟವರಿಗೂ ಎದುರಾಗುವ ಮೊದಲ ದೊಡ್ಡ ಪ್ರಶ್ನೆ ಒಂದೇ: ತಿರುಗುವ ಚಕ್ರದಲ್ಲಿ ಹಲವು ಟೂಲ್ ಇಟ್ಟುಕೊಂಡು ತಗಡಿಗೆ ಏಟು ಹಾಕುವ ಟರೆಟ್ ಪಂಚ್ ಪ್ರೆಸ್ ಕೊಳ್ಳಬೇಕೇ, ಬೆಳಕಿನ ಕಿರಣದಿಂದ ಕತ್ತರಿಸುವ ಫೈಬರ್ ಲೇಸರ್ ಕೊಳ್ಳಬೇಕೇ? ಯಂತ್ರ ಕೊಳ್ಳದೆ ಜಾಬ್ ವರ್ಕ್‌ಗೆ, ಅಂದರೆ ಹೊರಗಿನ ಶಾಪ್‌ಗೆ ಕೆಲಸ ಕೊಡುವವರೂ ಇದೇ ಪ್ರಶ್ನೆಯನ್ನು ಪ್ರತಿ ಆರ್ಡರ್‌ನಲ್ಲಿ ಎದುರಿಸುತ್ತಾರೆ. ಪೀಣ್ಯ, ಬೊಮ್ಮಸಂದ್ರಗಳಂಥ ಕೈಗಾರಿಕಾ ಪ್ರದೇಶಗಳಲ್ಲಿ ಲೇಸರ್ ಕಟಿಂಗ್ ಫಲಕಗಳು ಈಗ ಎಷ್ಟು ಸಾಮಾನ್ಯವಾಗಿವೆಯೆಂದರೆ, ಪಂಚಿಂಗ್ ಹಳೆಯ ಕಾಲದ್ದು ಎಂಬ ಭಾವನೆ ತಾನಾಗಿಯೇ ಬೆಳೆದುಬಿಟ್ಟಿದೆ. ಆ ಭಾವನೆಯನ್ನು ನಂಬಿ ಹಣ ಹಾಕುವ ಮೊದಲು, ಮಾಡಬೇಕಾದ ಭಾಗದ ಡ್ರಾಯಿಂಗ್ ಮುಂದಿಟ್ಟುಕೊಂಡು ತಗಡಿನ ಒಳಭಾಗದಲ್ಲಿ ಎಷ್ಟು ಕೆಲಸವಿದೆ, ಹೊರ ಅಂಚಿನಲ್ಲಿ ಎಷ್ಟಿದೆ ಎಂದು ನೋಡಬೇಕು. ತೂತು, ಲೂವರ್ (ಗಾಳಿಯಾಡಲು ಎತ್ತಿದ ಸೀಳು), ಉಬ್ಬು ಹೆಚ್ಚಿದ್ದರೆ ಪಂಚಿಂಗ್ ಇನ್ನೂ ಗಟ್ಟಿ ಆಯ್ಕೆ. ವಕ್ರ ಅಂಚು, ದಪ್ಪ ತಗಡು, ದಿನಕ್ಕೊಂದು ಹೊಸ ಡ್ರಾಯಿಂಗ್ ಇದ್ದರೆ ಲೇಸರ್. ಮುಂದಿನ ವಿವರಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ಎರಡೂ ಕತ್ತರಿಸುವ ಬಗೆ

ಪಂಚಿಂಗ್‌ನಲ್ಲಿ ಮೇಲಿನ ಪಂಚ್ ತಗಡನ್ನು ಕೆಳಗಿನ ಡೈಯೊಳಗೆ, ಅಂದರೆ ತೂತಿರುವ ಅಚ್ಚಿನೊಳಗೆ, ಒತ್ತುತ್ತದೆ. ತಗಡು ಮೊದಲು ಸ್ವಲ್ಪ ಬಾಗುತ್ತದೆ, ಆಮೇಲೆ ಕತ್ತರಿಸಿಕೊಳ್ಳುತ್ತದೆ, ಕೊನೆಗೆ ಮುರಿಯುತ್ತದೆ. ಪಂಚ್ ಆದ ತೂತಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಈ ಮೂರೂ ಹಂತಗಳು ಕಾಣುತ್ತವೆ: ಮೇಲೆ ದುಂಡಗೆ ಒಳಸರಿದ ಅಂಚು, ಅದರ ಕೆಳಗೆ ಹೊಳೆಯುವ ನುಣುಪಾದ ಪಟ್ಟಿ, ಇನ್ನೂ ಕೆಳಗೆ ಒರಟಾಗಿ ಮುರಿದ ಭಾಗ, ತುದಿಯಲ್ಲಿ ಬರ್, ಅಂದರೆ ಲೋಹದ ಚೂಪಾದ ಸಿಬಿರು. ಪಂಚ್ ಮತ್ತು ಡೈ ನಡುವಿನ ಕ್ಲಿಯರೆನ್ಸ್ (ಸಂದು) ಸರಿಯಿದ್ದರೆ ಬರ್ ಸಣ್ಣದಿರುತ್ತದೆ. ಮಾಮೂಲು ಲೆಕ್ಕದಲ್ಲಿ ಎರಡೂ ಬದಿ ಸೇರಿ ಒಟ್ಟು ಕ್ಲಿಯರೆನ್ಸ್ ಅಲ್ಯೂಮಿನಿಯಂಗೆ ತಗಡಿನ ದಪ್ಪದ ಸುಮಾರು ಶೇ. 15, ಮೈಲ್ಡ್ ಸ್ಟೀಲ್‌ಗೆ ಸುಮಾರು ಶೇ. 20, ಸ್ಟೇನ್‌ಲೆಸ್ ಸ್ಟೀಲ್‌ಗೆ ಸುಮಾರು ಶೇ. 25 ಇರುತ್ತದೆ. 1.2 ಮಿ.ಮೀ. ತಗಡಿಗೆ ಹಾಕಿದ ಡೈಯಲ್ಲೇ 3 ಮಿ.ಮೀ. ಹೊಡೆಯುವುದು, ಅದರಿಂದ ಟೂಲ್ ಬೇಗ ಸವೆಯುವುದು, ಆಮೇಲೆ ಪಂಚಿಂಗ್ ಎಂದರೇ ಬರ್ ಎಂದು ದೂರುವುದು ನಮ್ಮ ಅನೇಕ ಶಾಪ್‌ಗಳಲ್ಲಿ ನಡೆದುಬಂದಿದೆ.

ಲೇಸರ್‌ನಲ್ಲಿ ಬೆಳಕಿನ ಕಿರಣವನ್ನು ಒಂದು ಬಿಂದುವಿಗೆ ಕೇಂದ್ರೀಕರಿಸಿ ಲೋಹವನ್ನು ಕರಗಿಸಲಾಗುತ್ತದೆ ಮತ್ತು ನಾಜಲ್‌ನಿಂದ ಬರುವ ಗ್ಯಾಸ್ ಕರಗಿದ ಲೋಹವನ್ನು ಕೆಳಕ್ಕೆ ಊದಿಬಿಡುತ್ತದೆ. 1967ರಲ್ಲಿ ಇಂಗ್ಲೆಂಡಿನ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಪೀಟರ್ ಹೌಲ್ಡ್‌ಕ್ರಾಫ್ಟ್ ಅವರು ಆಕ್ಸಿಜನ್ ನೆರವಿನಿಂದ 1 ಮಿ.ಮೀ. ಉಕ್ಕಿನ ತಗಡನ್ನು ಹೀಗೆ ಕತ್ತರಿಸಿ ತೋರಿಸಿದಾಗ ಬಳಸಿದ್ದು 300 ವ್ಯಾಟ್‌ನ ಕಾರ್ಬನ್ ಡೈಆಕ್ಸೈಡ್ ಲೇಸರ್. ಆ ಬಗೆಯ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಇಂದು ತಗಡಿನ ಕೆಲಸದಲ್ಲಿ ಅದರ ಜಾಗವನ್ನು ಬಹುಮಟ್ಟಿಗೆ ಫೈಬರ್ ಲೇಸರ್ ತೆಗೆದುಕೊಂಡಿದೆ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ತರಂಗಾಂತರ 10.6 ಮೈಕ್ರಾನ್, ಫೈಬರ್‌ನದು ಸುಮಾರು 1.07 ಮೈಕ್ರಾನ್. ಈ ಚಿಕ್ಕ ತರಂಗವನ್ನು ಲೋಹಗಳು ಹೆಚ್ಚು ಹೀರಿಕೊಳ್ಳುವುದರಿಂದ ತೆಳು ತಗಡಿನಲ್ಲಿ ವೇಗ ಬಹಳ ಹೆಚ್ಚಿತು, ಹಿಂದೆ ಕಿರಣವನ್ನು ತಿರುಗಿಸಿ ಹೊಡೆಯುತ್ತಿದ್ದ ತಾಮ್ರ ಮತ್ತು ಹಿತ್ತಾಳೆಯನ್ನೂ ಕತ್ತರಿಸುವಂತಾಯಿತು, ವಿದ್ಯುತ್ ಖರ್ಚೂ ಇಳಿಯಿತು.

ತೂತುಗಳ ಲೆಕ್ಕ

ವಾತಾಯನಕ್ಕೆಂದು 6 ಮಿ.ಮೀ. ವ್ಯಾಸದ 2,000 ತೂತುಗಳಿರುವ, 1.5 ಮಿ.ಮೀ. ಮೈಲ್ಡ್ ಸ್ಟೀಲ್‌ನ ಒಂದು ಕವರ್ ಮಾಡಬೇಕಿದೆ ಎಂದುಕೊಳ್ಳೋಣ. ಒಂದು ತೂತಿನ ಸುತ್ತಳತೆ ಸುಮಾರು 18.85 ಮಿ.ಮೀ.; ಹಾಗಾಗಿ ಲೇಸರ್ ಹೆಡ್ ಬರೀ ತೂತುಗಳಿಗಾಗಿಯೇ 37 ಮೀಟರ್‌ಗಿಂತ ಹೆಚ್ಚು ದೂರ ಕತ್ತರಿಸಬೇಕು, ಅದಲ್ಲದೆ 2,000 ಬಾರಿ ಪಿಯರ್ಸ್ ಮಾಡಬೇಕು, ಅಂದರೆ ಕಟ್ ಆರಂಭಿಸಲು ತಗಡನ್ನು ಕೊರೆಯಬೇಕು. ಪಿಯರ್ಸಿಂಗ್, ಕಟಿಂಗ್, ಮುಂದಿನ ತೂತಿಗೆ ಸರಿಯುವುದು ಎಲ್ಲ ಸೇರಿ ತೂತೊಂದಕ್ಕೆ ಅರ್ಧ ಸೆಕೆಂಡ್ ಎಂದು ಹಿಡಿದರೂ ಸುಮಾರು 17 ನಿಮಿಷವಾಗುತ್ತದೆ. ಟರೆಟ್ ಪಂಚ್ ನಿಮಿಷಕ್ಕೆ 300 ಏಟು ಹಾಕಿದರೆ ಇದೇ ಕೆಲಸ 7 ನಿಮಿಷದೊಳಗೆ ಮುಗಿಯುತ್ತದೆ. ಒಂದೇ ಏಟಿಗೆ 10 ತೂತು ಹೊಡೆಯುವ ಕ್ಲಸ್ಟರ್ ಟೂಲ್ ಇದ್ದರೆ ಬೇಕಾಗುವುದು 200 ಏಟು ಮಾತ್ರ, ಅಂದರೆ ಒಂದು ನಿಮಿಷಕ್ಕೂ ಕಡಿಮೆ. ಹೊಸ ತಲೆಮಾರಿನ ಹೈ ಪವರ್ ಲೇಸರ್‌ಗಳು ತೆಳು ತಗಡಿನಲ್ಲಿ ಅರ್ಧ ಸೆಕೆಂಡಿಗಿಂತ ಬೇಗ ತೂತು ಮಾಡಬಲ್ಲವು ಎಂಬುದು ನಿಜ. ಆದರೂ ಕ್ಲಸ್ಟರ್ ಟೂಲ್‌ನ ಹತ್ತಿರಕ್ಕೆ ಬರುವುದು ಅವುಗಳಿಗೆ ಕಷ್ಟ.

ಹತ್ತು ತೂತನ್ನು ಒಟ್ಟಿಗೆ ಹೊಡೆಯಲು ಯಂತ್ರಕ್ಕೆ ಶಕ್ತಿಯಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಬೇಕಾಗುವ ಬಲವೆಂದರೆ ಕತ್ತರಿಸುವ ಅಂಚಿನ ಒಟ್ಟು ಉದ್ದ, ತಗಡಿನ ದಪ್ಪ ಮತ್ತು ಲೋಹದ ಶಿಯರ್ ಸ್ಟ್ರೆಂತ್ (ಕತ್ತರಿಸುವಾಗ ಲೋಹ ಒಡ್ಡುವ ತಡೆ) ಇವುಗಳ ಗುಣಲಬ್ಧ. ಮೈಲ್ಡ್ ಸ್ಟೀಲ್‌ಗೆ ಚದರ ಮಿ.ಮೀ.ಗೆ ಸುಮಾರು 350 ನ್ಯೂಟನ್ ಹಿಡಿದರೆ ಮೇಲಿನ ಕ್ಲಸ್ಟರ್‌ಗೆ ಸುಮಾರು 10 ಟನ್ ಬೇಕು. 20 ಟನ್ನಿನ ಯಂತ್ರಕ್ಕೆ ಅದೊಂದು ಭಾರವಲ್ಲ. ಅದೇ ಸೂತ್ರದಲ್ಲಿ 2 ಮಿ.ಮೀ. ಮೈಲ್ಡ್ ಸ್ಟೀಲ್‌ಗೆ 50 ಮಿ.ಮೀ. ವ್ಯಾಸದ ತೂತು ಹೊಡೆಯಲು 11 ಟನ್ ಸಾಕು. ಸ್ಟೇನ್‌ಲೆಸ್ 304ಕ್ಕೆ ಸುಮಾರು ಒಂದೂವರೆ ಪಟ್ಟು ಬೇಕಾಗುವುದರಿಂದ 17 ಟನ್ ಹತ್ತಿರ ಬರುತ್ತದೆ. ತಗಡು 3 ಮಿ.ಮೀ. ಆದರೆ 25 ಟನ್ ದಾಟಿ, 20 ಟನ್ನಿನ ಯಂತ್ರಕ್ಕೆ ಒಂದೇ ಏಟಿನಲ್ಲಿ ಅಸಾಧ್ಯವಾಗುತ್ತದೆ. ಪಂಚ್‌ನ ಮುಖವನ್ನು ಓರೆಯಾಗಿ ಗ್ರೈಂಡ್ ಮಾಡಿಸಬೇಕು, ಇಲ್ಲವೇ ಸಣ್ಣ ಟೂಲ್‌ನಿಂದ ನಿಬ್ಲಿಂಗ್ ಮಾಡಬೇಕು, ಅಂದರೆ ಒತ್ತೊತ್ತಾಗಿ ಸಾಲು ಏಟು ಹಾಕಿ ಕತ್ತರಿಸಬೇಕು. ಕೊಟೇಶನ್ ಬಂದಾಗ ಟನ್ನೇಜ್ ಅಂಕಿಯನ್ನು ನೋಡಿ ಸುಮ್ಮನಾಗದೆ, ತಮ್ಮ ಅತಿ ದೊಡ್ಡ ತೂತನ್ನೂ ಅತಿ ದಪ್ಪ ತಗಡನ್ನೂ ಈ ಸೂತ್ರಕ್ಕೆ ಹಾಕಿ ನೋಡುವುದು ಕೊಳ್ಳುವವರ ಹೊಣೆ.

ತೂತುಗಳ ವಿಷಯದಲ್ಲಿ ಪಂಚಿಂಗ್‌ಗೆ ಎರಡು ಮಿತಿಗಳಿವೆ. ಮೈಲ್ಡ್ ಸ್ಟೀಲ್‌ನಲ್ಲಿ ತೂತಿನ ವ್ಯಾಸ ತಗಡಿನ ದಪ್ಪಕ್ಕಿಂತ ಕಡಿಮೆಯಿರಬಾರದು, ಸ್ಟೇನ್‌ಲೆಸ್‌ನಲ್ಲಿ ಒಂದೂವರೆಯಿಂದ ಎರಡು ಪಟ್ಟು ಇರಬೇಕು; ಇಲ್ಲವಾದರೆ ಪಂಚ್ ಮುರಿಯುತ್ತದೆ. ಲೇಸರ್ ಇದಕ್ಕಿಂತ ಸಣ್ಣ ತೂತನ್ನೂ ಮಾಡುತ್ತದೆ. ಎರಡನೆಯದು, ಒತ್ತೊತ್ತಾಗಿ ಹೊಡೆದ ತೂತುಗಳಿಂದ ತಗಡು ಹಿಗ್ಗಿ ಬಿಲ್ಲಿನಂತೆ ಬಾಗುತ್ತದೆ. ಸುತ್ತ ಖಾಲಿ ಅಂಚು, ನಡುವೆ ತೂತುಗಳ ಗುಂಪು ಇರುವ ಕವರ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಏಟುಗಳ ಕ್ರಮವನ್ನು ಹಂಚಿ ಹಾಕುವುದರಿಂದ ಸ್ವಲ್ಪ ಪರಿಹಾರ ಸಿಗುತ್ತದೆ, ಉಳಿದದ್ದಕ್ಕೆ ತಗಡನ್ನು ಮತ್ತೆ ಚಪ್ಪಟೆ ಮಾಡುವ ಲೆವೆಲಿಂಗ್ ಬೇಕು. ಲೇಸರ್‌ನಲ್ಲಿ ಯಾಂತ್ರಿಕ ಒತ್ತಡವಿಲ್ಲ, ಆದರೆ ಶಾಖದಿಂದ ತೆಳು ತಗಡು ಅಲ್ಲೂ ತಿರುಚಿಕೊಳ್ಳಬಹುದು.

ಉಬ್ಬು, ಲೂವರ್, ಆಟೆ

ಕತ್ತರಿಸುವುದರಲ್ಲಿ ಲೇಸರ್ ಎಷ್ಟೇ ಮುಂದಿದ್ದರೂ ತಗಡನ್ನು ಎತ್ತುವ, ತಗ್ಗಿಸುವ, ಮಡಚುವ ಕೆಲಸ ಅದಕ್ಕೆ ಬರುವುದಿಲ್ಲ. ಎಲೆಕ್ಟ್ರಿಕಲ್ ಕಂಟ್ರೋಲ್ ಪ್ಯಾನಲ್ ಒಂದನ್ನೇ ತೆಗೆದುಕೊಂಡರೆ, ಬಾಗಿಲಿನಲ್ಲಿ ಗಾಳಿಗೆ ಲೂವರ್‌ಗಳು, ಕೇಬಲ್ ಒಳಬರುವ ಕಡೆ ನಾಕ್‌ಔಟ್‌ಗಳು (ಬೇಕಾದಾಗ ತಟ್ಟಿ ತೆಗೆಯುವ ಬಿಲ್ಲೆಗಳು), ಅರ್ತಿಂಗ್ ಚಿಹ್ನೆಯ ಉಬ್ಬು, ಸ್ಕ್ರೂ ತಲೆ ಕೂರಲು ಕೌಂಟರ್‌ಸಿಂಕ್, ಕಾಂಪೊನೆಂಟ್ ಕೂರಿಸಲು ಆಟೆ (ಸ್ಕ್ರೂ ಹಿಡಿಯುವ ಸುರುಳಿ ಗೆರೆ, ಥ್ರೆಡ್) ಹಾಕಿದ ತೂತುಗಳು ಇರುತ್ತವೆ. ಟರೆಟ್ ಪಂಚ್‌ನಲ್ಲಿ ಸರಿಯಾದ ಫಾರ್ಮಿಂಗ್ ಟೂಲ್ ಇದ್ದರೆ ಇವೆಲ್ಲವೂ ಒಂದೇ ಸೆಟಪ್‌ನಲ್ಲಿ ಆಗುತ್ತವೆ, ತಗಡು ಯಂತ್ರದಿಂದ ಇಳಿಯುವ ಮೊದಲೇ.

ಇವುಗಳಲ್ಲಿ ಆಟೆಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಹಣ ಸೋರುವುದು ಇಲ್ಲಿಯೇ. ಎಂ4 ಸ್ಕ್ರೂವಿನ ಪಿಚ್, ಅಂದರೆ ಆಟೆಯ ಒಂದು ಸುತ್ತಿನ ಅಂತರ, 0.7 ಮಿ.ಮೀ. ಹಾಗಾಗಿ 1.2 ಮಿ.ಮೀ. ತಗಡಿನಲ್ಲಿ, ಅಂದರೆ ನಮ್ಮವರು 18 ಗೇಜ್ ಎನ್ನುವ ಶೀಟ್‌ನಲ್ಲಿ, ನೇರವಾಗಿ ಟ್ಯಾಪ್ (ಆಟೆ ಕೊರೆಯುವ ಉಪಕರಣ) ಹಾಕಿದರೆ ಎರಡು ಸುತ್ತು ಆಟೆಯೂ ಸಿಗುವುದಿಲ್ಲ, ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಆಟೆ ಸವೆದುಹೋಗುತ್ತದೆ. ಪಂಚ್‌ನಲ್ಲಿ ಎಕ್ಸ್‌ಟ್ರೂಷನ್ ಟೂಲ್ ಬಳಸಿದರೆ ತೂತಿನ ಸುತ್ತಲಿನ ಲೋಹವೇ ಕೊಳವೆಯಂತೆ ಎದ್ದು, ತಗಡಿನ ದಪ್ಪದ ಸುಮಾರು ಎರಡು ಪಟ್ಟು ಎತ್ತರದ ಗೋಡೆ ಸಿಗುತ್ತದೆ, ಆಟೆ ಅದರಲ್ಲಿ ಹಿಡಿಯುತ್ತದೆ. ಟ್ಯಾಪಿಂಗ್ ಘಟಕವಿರುವ ಟರೆಟ್ ಯಂತ್ರಗಳಲ್ಲಿ ಆ ಕೆಲಸವೂ ಅಲ್ಲೇ ಮುಗಿಯುತ್ತದೆ. ಲೇಸರ್‌ನಲ್ಲಿ ಕತ್ತರಿಸಿದ ಭಾಗಕ್ಕಾದರೆ ವೆಲ್ಡ್ ನಟ್, ರಿವೆಟ್ ನಟ್ ಅಥವಾ ಒತ್ತಿ ಕೂರಿಸುವ ನಟ್ ಬೇಕು. ಅದಕ್ಕೊಂದು ಬಿಡಿಭಾಗ, ಒಂದು ಯಂತ್ರ, ಒಬ್ಬ ಆಳು. ಪ್ಯಾನಲ್ ಒಂದರಲ್ಲಿ 40 ಆಟೆಯ ತೂತುಗಳಿದ್ದರೆ ಕಟಿಂಗ್‌ನಲ್ಲಿ ಉಳಿಸಿದ ಸಮಯವೆಲ್ಲ ನಟ್ ಕೂರಿಸುವ ಮೇಜಿನ ಮೇಲೆ ಹೋಗುತ್ತದೆ.

ಅಂಚು, ಪೌಡರ್ ಕೋಟಿಂಗ್, ಬೆಂಡಿಂಗ್

ಹೊರ ಅಂಚಿನಲ್ಲಿ ಲೇಸರ್‌ನ ಮೇಲುಗೈಗೆ ಹೆಚ್ಚು ವಾದ ಬೇಕಿಲ್ಲ. ದೊಡ್ಡ ವಕ್ರರೇಖೆಯನ್ನು ಪಂಚ್ ಒಂದರ ಪಕ್ಕ ಒಂದು ಏಟು ಹಾಕಿಯೇ ಮಾಡಬೇಕು, ಅದರಿಂದ ಅಂಚಿನಲ್ಲಿ ಸಾಲು ಹಲ್ಲುಗಳ ಗುರುತು ಉಳಿಯುತ್ತದೆ, ಫೈಲಿಂಗ್ ಅಥವಾ ಗ್ರೈಂಡಿಂಗ್ ಅನಿವಾರ್ಯವಾಗುತ್ತದೆ. ಟರೆಟ್‌ನಲ್ಲಿ ಟೂಲ್ ಕೂರುವ ದೊಡ್ಡ ಜಾಗವಾದ ಇ ಸ್ಟೇಷನ್‌ನಲ್ಲೂ ಟೂಲ್‌ನ ಗರಿಷ್ಠ ವ್ಯಾಸ 114.3 ಮಿ.ಮೀ.; ಅದಕ್ಕಿಂತ ದೊಡ್ಡ ತೂತೆಲ್ಲ ನಿಬ್ಲಿಂಗ್ ಪಾಲಿಗೆ.

ಆದರೆ ಲೇಸರ್ ಅಂಚು ಎಂದರೆ ಯಾವ ಗ್ಯಾಸ್‌ನಲ್ಲಿ ಕತ್ತರಿಸಿದ ಅಂಚು ಎಂದು ಮರುಪ್ರಶ್ನೆ ಹಾಕಬೇಕು. ಆಕ್ಸಿಜನ್‌ನಲ್ಲಿ ಉಕ್ಕು ಉರಿದು ಹೆಚ್ಚುವರಿ ಶಾಖ ಕೊಡುವುದರಿಂದ ದಪ್ಪ ಮೈಲ್ಡ್ ಸ್ಟೀಲ್‌ಗೆ ಅದು ಅನುಕೂಲ, ಆದರೆ ಅಂಚಿನ ಮೇಲೆ ಕಪ್ಪು ಆಕ್ಸೈಡ್ ಪದರ ಉಳಿಯುತ್ತದೆ. ಆ ಪದರದ ಮೇಲೆ ಪೌಡರ್ ಕೋಟಿಂಗ್ ಹಾಕಿದರೆ ಬಣ್ಣ ಹಿಡಿಯುವುದು ಆಕ್ಸೈಡನ್ನು, ಉಕ್ಕನ್ನಲ್ಲ. ಸಣ್ಣ ಪೆಟ್ಟಿಗೆ ಅಂಚಿನುದ್ದಕ್ಕೂ ಬಣ್ಣ ಚಕ್ಕೆಯೆದ್ದು, ತುಕ್ಕು ಅಲ್ಲಿಂದಲೇ ಒಳಸೇರುತ್ತದೆ. ಕೋಟಿಂಗ್‌ಗೆ ಮೊದಲು ಆ ಪದರವನ್ನು ಉಜ್ಜಿ ಅಥವಾ ಆಸಿಡ್‌ನಲ್ಲಿ ತೆಗೆಯಬೇಕು. ನೈಟ್ರೋಜನ್‌ನಲ್ಲಿ ಕತ್ತರಿಸಿದರೆ ಅಂಚು ಬಿಳಿಯಾಗಿ ಹೊಳೆಯುತ್ತದೆ, ಈ ತೊಂದರೆಯಿಲ್ಲ. ಆದರೆ ಅದಕ್ಕೆ 10ರಿಂದ 20 ಬಾರ್ ಒತ್ತಡದ ಗ್ಯಾಸ್ ಧಾರಾಳವಾಗಿ ಹರಿಯಬೇಕು, ಬಿಲ್ ಬಂದಾಗ ಅದರ ಬೆಲೆ ತಿಳಿಯುತ್ತದೆ. ಕಂಪ್ರೆಸರ್ ಗಾಳಿಯಲ್ಲಿ ಕತ್ತರಿಸುವುದು ಮಧ್ಯದ ದಾರಿ, ತೆಳು ತಗಡಿಗೆ ಅದು ಚೆನ್ನಾಗಿಯೇ ಒದಗುತ್ತದೆ, ಗಾಳಿಯಲ್ಲಿ ಎಣ್ಣೆ ಮತ್ತು ನೀರಿನ ಅಂಶ ಇರದಂತೆ ಫಿಲ್ಟರ್ ಮತ್ತು ಡ್ರೈಯರ್ ನೋಡಿಕೊಂಡರೆ. ಆಕ್ಸಿಜನ್‌ನಲ್ಲಿ ಕತ್ತರಿಸಿದ ದಪ್ಪ ತಗಡಿನ ತೂತಿಗೆ ಟ್ಯಾಪ್ ಹಾಕುವಾಗ ಒಳಗೋಡೆ ಗಡುಸಾಗಿದ್ದು ಟ್ಯಾಪ್ ಮುರಿಯುವುದೂ ಉಂಟು. ಅಂಥ ತೂತನ್ನು ಸಣ್ಣದಾಗಿ ಕತ್ತರಿಸಿ, ಡ್ರಿಲ್‌ನಿಂದ ದೊಡ್ಡದು ಮಾಡಿ, ಆಮೇಲೆ ಟ್ಯಾಪ್ ಹಾಕುವುದು ಕ್ಷೇಮ.

ಪಂಚ್ ಆದ ಅಂಚಿಗೆ ಆಕ್ಸೈಡ್ ಇಲ್ಲ, ಬರ್ ಇದೆ. ಬೆಂಡ್ ಮಾಡುವಾಗ ಆ ಬರ್ ಇರುವ ಬದಿ ಬಾಗಿನ ಒಳಗಡೆ ಬರುವಂತೆ ಇಟ್ಟರೆ ಒಳ್ಳೆಯದು, ಹೊರಗಡೆ ಬಂದರೆ ಬಿರುಕು ಅಲ್ಲಿಂದ ಶುರುವಾಗಬಹುದು. ಹೊರ ಅಂಚನ್ನು ಉದ್ದನೆಯ ಟೂಲ್‌ನಿಂದ ಸೀಳುವಾಗ ಏಟು ಮತ್ತು ಏಟಿನ ನಡುವೆ ಸಣ್ಣ ಗುರುತು ಬೀಳುವುದೂ, ಭಾಗಗಳನ್ನು ಹಿಡಿದಿಡಲು ಬಿಟ್ಟ ಮೈಕ್ರೋ ಜಾಯಿಂಟ್‌ನ ಸಣ್ಣ ಮೊನೆ ಉಳಿಯುವುದೂ ಪಂಚಿಂಗ್‌ನ ಸಹಜ ಲಕ್ಷಣಗಳು. ಅಳತೆಯ ನಿಖರತೆಯ ಬಗ್ಗೆ ಮಾತ್ರ ಹೆಚ್ಚು ಚರ್ಚೆ ಬೇಡ: ಸುಸ್ಥಿತಿಯಲ್ಲಿರುವ ಯಂತ್ರವಾದರೆ ಎರಡೂ ಸಾಮಾನ್ಯ ತಗಡಿನ ಕೆಲಸಕ್ಕೆ ಬೇಕಾದ 0.1 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತವೆ.

ದಪ್ಪದ ವಿಷಯವೂ ಚುಟುಕೇ. ಟರೆಟ್ ಪಂಚ್ ಸುಮಾರು 6 ಮಿ.ಮೀ. ವರೆಗಿನ ಯಂತ್ರ, ಅದರ ಸಹಜ ನೆಲೆ 0.8ರಿಂದ 3 ಮಿ.ಮೀ. ಕೃಷಿ ಉಪಕರಣಗಳ ಬ್ರಾಕೆಟ್, ಮೆಷಿನ್ ಬೇಸ್, ಫ್ಲ್ಯಾಂಜ್ ಮೊದಲಾದ 8, 10, 12 ಮಿ.ಮೀ. ಕೆಲಸವಿದ್ದರೆ ಹೋಲಿಕೆಯೇ ಬೇಕಿಲ್ಲ, ಲೇಸರ್‌ಗೆ ಹೋಗಬೇಕು.

ಖರ್ಚು ಎಲ್ಲೆಲ್ಲಿ ಅಡಗಿದೆ

ಯಂತ್ರದ ಬೆಲೆಗಿಂತ ತಗಡಿನ ಬೆಲೆ ಮುಖ್ಯ ಎಂದರೆ ಉತ್ಪ್ರೇಕ್ಷೆಯಲ್ಲ, ಏಕೆಂದರೆ ತೆಳು ತಗಡಿನ ಭಾಗಗಳ ವೆಚ್ಚದಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಕಚ್ಚಾ ಮಾಲಿನದೇ. 2500 × 1250 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಉಕ್ಕಿನ ಶೀಟ್ ಸುಮಾರು 49 ಕಿಲೋ ತೂಗುತ್ತದೆ. ಪಂಚ್‌ನಲ್ಲಿ ಎರಡು ಭಾಗಗಳನ್ನು ಬೇರೆ ಮಾಡಲು 5 ಮಿ.ಮೀ. ಅಗಲದ ಟೂಲ್ ಬಳಸಿದರೆ, ಶೀಟ್‌ನ ಪೂರ್ತಿ ಉದ್ದಕ್ಕೆ ಹಾಕಿದ ಒಂದೊಂದು ಸೀಳೂ ಸುಮಾರು 200 ಗ್ರಾಂ ಸ್ಕ್ರ್ಯಾಪ್ ಮಾಡುತ್ತದೆ. ಅಂಥ ಹತ್ತು ಸೀಳು ಎಂದರೆ 2 ಕಿಲೋ, ಶೀಟ್‌ನ ಶೇ. 4. ಕ್ಲ್ಯಾಂಪ್ ಹಿಡಿಯುವ ಅಂಚು ಇದರ ಮೇಲೆ. ಲೇಸರ್‌ನ ಸೀಳು ಮಿ.ಮೀ.ನ ಹತ್ತನೇ ಒಂದರಿಂದ ಮೂರರಷ್ಟು ಮಾತ್ರ. ಭಾಗಗಳ ನಡುವೆ ಸ್ವಲ್ಪ ಜಾಗ ಬಿಡಬೇಕಾದರೂ ನೆಸ್ಟಿಂಗ್, ಅಂದರೆ ಶೀಟ್ ಮೇಲೆ ಭಾಗಗಳ ಜೋಡಣೆ, ಒತ್ತಾಗಿ ಬರುತ್ತದೆ, ಒಂದು ಭಾಗದ ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಸಣ್ಣ ಭಾಗವನ್ನು ಕೂರಿಸಬಹುದು. ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯಂಥ ದುಬಾರಿ ತಗಡಿನಲ್ಲಿ ಈ ಒಂದೇ ಅಂಶ ಲೇಸರ್ ಕಡೆಗೆ ತಕ್ಕಡಿಯನ್ನು ವಾಲಿಸಬಹುದು.

ಪಂಚಿಂಗ್‌ನ ಇನ್ನೊಂದು ಖರ್ಚು ಟೂಲಿಂಗ್. ಪ್ರತಿ ಅಳತೆಗೂ ಪಂಚ್ ಬೇಕು, ದಪ್ಪ ಬದಲಾದಂತೆ ಡೈ ಬೇಕು, ಅಂಚು ಮೊಂಡಾದಾಗ ಗ್ರೈಂಡಿಂಗ್ ಬೇಕು. ಅಂಚಿನ ದುಂಡು 0.25 ಮಿ.ಮೀ. ತಲುಪುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಗ್ರೈಂಡ್ ಮಾಡಿಸುವವರ ಟೂಲ್, ಪೂರ್ತಿ ಹಾಳಾಗುವವರೆಗೆ ಓಡಿಸುವವರ ಟೂಲ್‌ಗಿಂತ ಬಹಳ ಹೆಚ್ಚು ಬಾಳುತ್ತದೆ. ಡ್ರಾಯಿಂಗ್ ಮಾಡುವವರು 6.2, 6.4, 6.5 ಎಂದು ಮನಬಂದಂತೆ ತೂತಿನ ಅಳತೆ ಹಾಕದೆ ಇರುವ ಟೂಲ್‌ಗೆ ಹೊಂದಿಸಿಕೊಂಡರೆ ಈ ಖರ್ಚು ಅರ್ಧಕ್ಕರ್ಧ ತಣ್ಣಗಾಗುತ್ತದೆ. ಲೇಸರ್‌ಗೆ ಟೂಲ್ ಬೇಡ, ಡ್ರಾಯಿಂಗ್‌ನ ಡಿಎಕ್ಸ್‌ಎಫ್ ಕಂಪ್ಯೂಟರ್ ಫೈಲ್ ಸಾಕು. ಐದು ಪೀಸ್‌ನ ಆರ್ಡರ್ ಕೂಡ ಗಿಟ್ಟುವುದು ಇದರಿಂದಲೇ.

ಲೇಸರ್ ಕೊಟೇಶನ್‌ನಲ್ಲಿ ಕಾಣದ ಖರ್ಚುಗಳೂ ಇವೆ: ಲೇಸರನ್ನು ತಂಪಾಗಿಡುವ ಚಿಲ್ಲರ್, ಸ್ಟೆಬಿಲೈಸರ್, ಹೊಗೆ ಮತ್ತು ದೂಳು ಎಳೆಯುವ ವ್ಯವಸ್ಥೆ, ನಾಜಲ್ ಮತ್ತು ಪ್ರೊಟೆಕ್ಟಿವ್ ಗ್ಲಾಸ್. ಕರಾವಳಿಯಲ್ಲಿ, ಉದಾಹರಣೆಗೆ ಮಂಗಳೂರಿನ ಬೈಕಂಪಾಡಿಯಂಥ ಕಡೆ, ಮಳೆಗಾಲದ ತೇವದಲ್ಲಿ ಚಿಲ್ಲರ್ ನೀರು ಸುತ್ತಲಿನ ಗಾಳಿಯ ಇಬ್ಬನಿ ಬಿಂದುವಿಗಿಂತ ತಂಪಾಗಿದ್ದರೆ ಲೇಸರ್ ಸೋರ್ಸ್ ಮತ್ತು ಲೆನ್ಸ್‌ಗಳ ಮೇಲೆ ನೀರು ಕಟ್ಟುತ್ತದೆ, ಸೋರ್ಸ್‌ಗೆ ಎ.ಸಿ. ಕ್ಯಾಬಿನೆಟ್ ಇಲ್ಲದೆ ಅಲ್ಲಿ ಯಂತ್ರ ಹಾಕುವುದು ಜಾಣತನವಲ್ಲ. ಬೆಲೆ ಕಡಿಮೆಯೆಂದು ಸುತ್ತ ಮರೆಯಿಲ್ಲದ ತೆರೆದ ಬೆಡ್‌ನ ಫೈಬರ್ ಲೇಸರ್ ಕೊಳ್ಳುವವರಿಗೆ ಒಂದು ಕಟ್ಟುನಿಟ್ಟಿನ ಮಾತು ಹೇಳಲೇಬೇಕು. 1.07 ಮೈಕ್ರಾನ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ನೇರ ರೆಟಿನಾವರೆಗೆ ಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್‌ಗೆ ಸಾಕಾಗುತ್ತಿದ್ದ ಸಾದಾ ಅಕ್ರಿಲಿಕ್ ತಡೆ ಫೈಬರ್‌ಗೆ ತಡೆಯೇ ಅಲ್ಲ. ಪೂರ್ತಿ ಮುಚ್ಚಿದ ಕ್ಯಾಬಿನ್ ಮತ್ತು ಆ ತರಂಗಾಂತರಕ್ಕೆಂದೇ ಮಾಡಿದ ಗಾಜಿನ ಕಿಟಕಿ ಇಲ್ಲದ ಯಂತ್ರ, ಎಷ್ಟು ಅಗ್ಗವಾದರೂ ಬೇಡ. ಪಂಚ್‌ನ ಪಕ್ಕದಲ್ಲಿ ನಿಲ್ಲುವವರಿಗೆ ಬೇಕಾದದ್ದು ಕಿವಿಯ ರಕ್ಷಣೆ, ಯಂತ್ರಕ್ಕೆ ಬೇಕಾದದ್ದು ಗಟ್ಟಿ ಫೌಂಡೇಶನ್.

ಯಾರಿಗೆ ಯಾವುದು

ಕಳೆದ ಆರು ತಿಂಗಳ ಡ್ರಾಯಿಂಗ್‌ಗಳನ್ನು ಮೇಜಿನ ಮೇಲೆ ಹರಡಿ, ಫಾರ್ಮಿಂಗ್ ಅಥವಾ ಸಾಲು ತೂತುಗಳಿರುವವನ್ನು ಒಂದು ಕಡೆ, ಬರೀ ಅಂಚು ಮತ್ತು ಕೆಲವೇ ತೂತು ಇರುವವನ್ನು ಇನ್ನೊಂದು ಕಡೆ ಹಾಕಿದರೆ ಬೇಕಾದ ಉತ್ತರ ಕಣ್ಣಿಗೇ ಕಾಣುತ್ತದೆ. ತನ್ನದೇ ಉತ್ಪನ್ನವನ್ನು, ಅಂದರೆ ಪ್ಯಾನಲ್ ಬೋರ್ಡ್, ಯುಪಿಎಸ್ ಕ್ಯಾಬಿನೆಟ್, ಕೇಬಲ್ ಟ್ರೇ, ಸರ್ವರ್ ರ‍್ಯಾಕ್‌ಗಳನ್ನು ತಿಂಗಳು ತಿಂಗಳೂ ಅದೇ ಅಳತೆಯಲ್ಲಿ ಮಾಡುವ ಘಟಕಕ್ಕೆ ಟರೆಟ್ ಪಂಚ್ ಇಂದಿಗೂ ಸರಿಯಾದ ಮೊದಲ ಯಂತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥವರು ತಿಂಗಳಿಗೆ ಕೆಲವು ದಿನ ಬರುವ ವಕ್ರ ಅಂಚಿನ ಕೆಲಸವನ್ನು ಹೊರಗೆ ಲೇಸರ್‌ಗೆ ಕೊಟ್ಟರೆ ಸಾಕು. ಬೇರೆಯವರ ಡ್ರಾಯಿಂಗ್‌ಗೆ ಜಾಬ್ ವರ್ಕ್ ಮಾಡುವವರಿಗೆ ನಾಳೆ ಯಾವ ಅಳತೆ, ಯಾವ ದಪ್ಪ ಬರುತ್ತದೆಂದು ಗೊತ್ತಿರುವುದಿಲ್ಲ, ಅವರಿಗೆ ಲೇಸರ್. ಎರಡನ್ನೂ ಒಂದೇ ಮೈಯಲ್ಲಿ ಹೊತ್ತ ಪಂಚ್-ಲೇಸರ್ ಕಾಂಬಿನೇಶನ್ ಯಂತ್ರಗಳು 1970ರ ದಶಕದ ಕೊನೆಯಿಂದಲೂ ಇವೆ, ತೂತು ಮತ್ತು ಫಾರ್ಮಿಂಗ್ ಪಂಚ್‌ನಲ್ಲಿ, ಹೊರ ಅಂಚು ಲೇಸರ್‌ನಲ್ಲಿ ಮಾಡುತ್ತವೆ. ಕಾಗದದ ಮೇಲೆ ಇದು ಆದರ್ಶ. ಆದರೆ ಪಂಚ್ ಓಡುವಾಗ ಲೇಸರ್ ಸುಮ್ಮನಿರುತ್ತದೆ, ಲೇಸರ್ ಓಡುವಾಗ ಪಂಚ್ ಸುಮ್ಮನಿರುತ್ತದೆ, ಒಂದು ಕೆಟ್ಟರೆ ಎರಡೂ ನಿಲ್ಲಬಹುದು. ಎರಡು ಪಾಳಿ ತುಂಬುವಷ್ಟು ಸಂಕೀರ್ಣ ಭಾಗಗಳ ಆರ್ಡರ್ ಕೈಯಲ್ಲಿ ಇಲ್ಲದೆ ಅದರ ಕಂತು ಕಟ್ಟುವುದು ಕಷ್ಟ.

ಜಾಬ್ ವರ್ಕ್‌ಗೆ ಕೊಡುವವರು ಡ್ರಾಯಿಂಗ್ ಮೇಲೆ ಕೆಲವು ಮಾತು ಬರೆದೇ ಕಳಿಸಬೇಕು. ಗೇಜ್ ಬದಲು ದಪ್ಪವನ್ನು ಮಿ.ಮೀ.ನಲ್ಲಿ ಬರೆಯಿರಿ, ಏಕೆಂದರೆ ಬೇರೆ ಬೇರೆ ಗೇಜ್ ಪಟ್ಟಿಗಳಲ್ಲಿ ಒಂದೇ ಸಂಖ್ಯೆಗೆ ಬೇರೆ ಬೇರೆ ದಪ್ಪ ಇರುತ್ತದೆ. ಪಂಚಿಂಗ್ ಆದರೆ ಬರ್ ಯಾವ ಬದಿಗೆ ಬರಬೇಕೆಂದೂ, ಲೇಸರ್ ಆದರೆ ಯಾವ ಗ್ಯಾಸ್ ಎಂದೂ, ಬೇರಿಂಗ್ ಅಥವಾ ಪಿನ್ ಕೂರುವ ತೂತಿದ್ದರೆ ಕಟ್ ಆರಂಭವಾಗುವ ಬಿಂದುವಿನಲ್ಲಿ ಉಳಿಯುವ ಸಣ್ಣ ಉಬ್ಬು ಎಲ್ಲಿ ಇರಬಾರದೆಂದೂ ಗುರುತು ಹಾಕಿ. ಗ್ಯಾಲ್ವನೈಸ್ಡ್ ಶೀಟ್ ಆದರೆ ಲೇಸರ್ ಅಂಚಿನ ಹತ್ತಿರದ ಸತು ಸುಟ್ಟುಹೋಗುತ್ತದೆ ಎಂಬುದನ್ನು ಗ್ರಾಹಕರಿಗೆ ಮೊದಲೇ ತಿಳಿಸಿಡಿ. ಮೊದಲ ಪೀಸ್ ಬಂದಾಗ ವರ್ನಿಯರ್ ಹಿಡಿದು ಅಳೆಯುವುದರ ಜೊತೆಗೆ ಅದನ್ನು ಬೆಂಡ್ ಮಾಡಿಸಿ, ಕೋಟಿಂಗ್ ಹಾಕಿಸಿ, ಜೋಡಿಸಿ ನೋಡಿದ ಮೇಲೆಯೇ ಉಳಿದ ಲಾಟ್‌ಗೆ ಒಪ್ಪಿಗೆ ಕೊಡಿ.